ಕೊಟ್ಟ ಮನೆ, ಬಿಟ್ಟ ಹೆಸರು

ವಂಶವೃಕ್ಷ ಎಂದ ಕೂಡಲೇ ನಮ್ಮ ಕಡೆಯವರಿಗೆ ಅಜ್ಜ ಮುತ್ತಜ್ಜಂದಿರು ನೆನಪಾಗುವುದಿಲ್ಲ, ತಾಲ್ಲೂಕು ಕಚೇರಿ ನೆನಪಾಗುತ್ತದೆ. ಮನೆಯ ಹಿರಿಯರೊಬ್ಬರು ತೀರಿಕೊಂಡು, ತಿಥಿ ಮುಗಿದು, ಬಂದ ನೆಂಟರು ತಮ್ಮ ತಮ್ಮ ಊರಿಗೆ ಹೋದ ಮೇಲೆ ಯಾರೋ ಒಬ್ಬರು ಮೆಲ್ಲಗೆ ಮಾತು ತೆಗೆಯುತ್ತಾರೆ: "ಇನ್ನು ಪೌತಿ ಖಾತೆ ಮಾಡಿಸ್ಬೇಕಲ್ಲ, ವಂಶವೃಕ್ಷ ಬೇಕಾಗುತ್ತೆ." ಅಲ್ಲಿಯತನಕ ಆ ಮರದ ನೆರಳಲ್ಲೇ ಕೂತಿದ್ದವರು ಆಗ ಮೊದಲ ಸಲ ತಲೆಯೆತ್ತಿ ಅದರ ಕೊಂಬೆ ಎಣಿಸತೊಡಗುತ್ತೇವೆ.

ನಾನು ಹುಟ್ಟಿದ್ದು ನ್ಯಾಮತಿಯಲ್ಲಿ, ಕೊಟ್ಟಿದ್ದು ಜಗಳೂರಿಗೆ. ನಮ್ಮವ್ವ ಹುಟ್ಟಿದ್ದು ಚನ್ನಗಿರಿಯಲ್ಲಿ, ಕೊಟ್ಟಿದ್ದು ನ್ಯಾಮತಿಗೆ. ಅವ್ವನ ಅವ್ವ ಹುಟ್ಟಿದ್ದು ಹೊನ್ನಾಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕೊಟ್ಟಿದ್ದು ಚನ್ನಗಿರಿಗೆ. ಮೂರು ತಲೆಮಾರು, ನಾಲ್ಕು ಊರು. ಗಂಡಸರ ವಂಶ ಮರದ ಹಾಗೆ ಒಂದೇ ಕಡೆ ಬೇರು ಬಿಟ್ಟು ನಿಲ್ಲುತ್ತದೆ. ನಮ್ಮದು ಬಸ್ಸಿನ ದಾರಿ. ಒಂದೊಂದು ತಲೆಮಾರಿಗೂ ಒಬ್ಬಳು ಟ್ರಂಕು ಹಿಡಿದು ಇಳಿಯುತ್ತಾಳೆ, ಹಿಂದಿನ ಊರಿನ ಹೆಸರು ಒಂದಿಷ್ಟು ಮಾಸುತ್ತದೆ.

ನನಗೆ ಈ ಹುಡುಕಾಟ ಗಂಟು ಬಿದ್ದದ್ದು ಜಮೀನಿನ ಕಾರಣಕ್ಕೇ. ನ್ಯಾಮತಿ ಕಡೆ ಎರಡು ಎಕರೆ ಇನ್ನೂ ನಮ್ಮ ತಂದೆಯ ತಂದೆಯ ಹೆಸರಿನಲ್ಲೇ ಉಳಿದಿತ್ತು. ಅಪ್ಪ ತೀರಿಕೊಂಡ ಮೇಲೆ ಚಿಕ್ಕಪ್ಪ ಖಾತೆಯ ಮಾತೆತ್ತಿದರು. ವಂಶವೃಕ್ಷಕ್ಕೆ ಈಗ ನಾಡಕಚೇರಿಯ ಸೇವೆಯಲ್ಲಿ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು, ಜೊತೆಗೆ ನೋಟರಿ ಮಾಡಿಸಿದ ಪ್ರಮಾಣಪತ್ರ ಕೊಡಬೇಕು, ಗ್ರಾಮ ಆಡಳಿತಾಧಿಕಾರಿ ವಿಚಾರಿಸಿ ವರದಿ ಕೊಡಬೇಕು. "ನಿನಗೆ ಫೋನಲ್ಲಿ ಎಲ್ಲಾ ಗೊತ್ತಲ್ಲವ್ವ, ನೀನೇ ನೋಡು" ಎಂದು ಚಿಕ್ಕಪ್ಪ ಒಂದು ಹಾಳೆಯನ್ನು ವಾಟ್ಸಾಪಿನಲ್ಲಿ ಕಳಿಸಿದರು. ಅರ್ಜಿ ಬರೆಯುವವರೊಬ್ಬರು ಸ್ಕೇಲಿಟ್ಟು ಗೆರೆ ಎಳೆದ ಚಿತ್ರ ಅದು. ಮೇಲೆ ಅಜ್ಜ, ಕೆಳಗೆ ಇಬ್ಬರು ಗಂಡುಮಕ್ಕಳು, ಅವರ ಕೆಳಗೆ ನಾವು. ಅಚ್ಚುಕಟ್ಟಾಗಿತ್ತು. ಅಪ್ಪನಿಗೂ ಚಿಕ್ಕಪ್ಪನಿಗೂ ನಡುವೆ ಹುಟ್ಟಿದ ನಮ್ಮ ಸೋದರತ್ತೆ ಮಾತ್ರ ಅದರಲ್ಲಿರಲಿಲ್ಲ. ಹೊನ್ನಾಳಿಯಲ್ಲಿ ಜೀವಂತವಾಗಿ, ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುವ ಅತ್ತೆ ಕಾಗದದ ಮೇಲೆ ಹುಟ್ಟೇ ಇರಲಿಲ್ಲ.

ಕೇಳಿದರೆ ಚಿಕ್ಕಪ್ಪನಿಗೆ ಆಶ್ಚರ್ಯ. "ಅವಳನ್ನ ಕೊಟ್ಟು ಐವತ್ತು ವರ್ಷ ಆಯ್ತಲ್ಲ!" ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಅವರೇನೂ ಕೆಟ್ಟ ಮನಸ್ಸಿನಿಂದ ಆಡುವವರಲ್ಲ. ಅದು ನೆಲದ ಮಾತು, ಬಾಯಿಗೆ ತಾನಾಗಿ ಬರುತ್ತದೆ. ನಾನು ಆಗ ಜಗಳ ಮಾಡಲಿಲ್ಲ. ಆದರೆ ಆ ರಾತ್ರಿ ಒಂದು ಬರೆಯದ ನೋಟುಪುಸ್ತಕ ತೆಗೆದುಕೊಂಡು, ನನ್ನ ಅವ್ವ, ಅವ್ವನ ಅವ್ವ, ಅವಳ ಅವ್ವ ಎಂದು ಬರೆಯುತ್ತಾ ಹೋದೆ. ಮೂರನೆಯವಳಿಗೆ ಬರುವಷ್ಟರಲ್ಲಿ ಪೆನ್ನು ನಿಂತಿತು. ಮುತ್ತಜ್ಜಿಯ ಹೆಸರು ನನಗೂ ಗೊತ್ತಿರಲಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ. "ನಾವು ದೊಡ್ಡವ್ವ ಅಂತಿದ್ವಿ" ಎಂದರು, ಅಷ್ಟೆ.

ಹಿಂದೆ ಇಂಥ ಲೆಕ್ಕ ಇಡುವುದಕ್ಕೆಂದೇ ಜನ ಇದ್ದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬರುತ್ತಿದ್ದ ಹೆಳವರನ್ನು ನಮ್ಮ ವಯಸ್ಸಿನವರು ನೋಡಿಯೇ ಇರುತ್ತೀರಿ. ನಮ್ಮ ಅಂಗಳದಲ್ಲಿ ನಿಂತು ಬೆಡಗು, ಮೂಲ ಊರು, ಇಂಥವರ ಮಗ ಇಂಥವರು ಎಂದು ಒಂದೇ ಉಸಿರಿಗೆ ಏಳೆಂಟು ತಲೆಮಾರು ಹೇಳಿ, ಕಾಳು, ಬಟ್ಟೆ, ಕಾಸು ಪಡೆದು, ಹೊಸದಾಗಿ ಹುಟ್ಟಿದ ಕೂಸಿನ ಹೆಸರು ಬರೆದುಕೊಂಡು ಹೋಗುತ್ತಿದ್ದರು. ತಾಂಡಾಗಳಲ್ಲಿ ಆ ಕೆಲಸ ಢಾಡಿಗಳದ್ದು. ಊರಿನ ಲೆಕ್ಕ ಶಾನುಭೋಗರ ಮನೆಯ ಕಡತದಲ್ಲಿ ಇರುತ್ತಿತ್ತು. ಹುಣಸೆಬೀಜದ ಅಂಟು, ಇದ್ದಿಲು ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಲೆಕ್ಕ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು, ಎಷ್ಟೋ ಕಡತಗಳು ಅಟ್ಟದ ಮೇಲೆ ಗೆದ್ದಲಿಗಾದವು. ನಮ್ಮ ಮನೆಯ ಹೆಳವರು ಬಂದು ಎಷ್ಟೋ ವರ್ಷವಾಯಿತು. ಬಂದಿದ್ದರೂ ಅವರು ಹಾಡುತ್ತಿದ್ದದ್ದು ಗಂಡುಮಕ್ಕಳ ಸಾಲನ್ನೇ.

ಮಗಳು ಫೋನಿನಲ್ಲಿ, "ಅಮ್ಮಾ, ವಂಶ ಹುಡುಕೋಕೆ ಜಗತ್ತಿನಲ್ಲೆಲ್ಲ ವೆಬ್‌ಸೈಟ್‌ಗಳಿವೆ" ಎಂದಳು. ನೋಡಿದೆ. ತಿಂಗಳ ಚಂದಾ ಕೇಳುವವು ಬಹಳ. ಪೂರ್ತಿ ಉಚಿತವಾದದ್ದೂ ಒಂದಿದೆ, ಫ್ಯಾಮಿಲಿಸರ್ಚ್. 1894ರಲ್ಲಿ ಅಮೆರಿಕದ ಯೂಟಾದಲ್ಲಿ ಒಂದು ಚರ್ಚಿನವರು ಶುರುಮಾಡಿದ ವಂಶಾವಳಿ ಸಂಘದಿಂದ ಬೆಳೆದದ್ದು. ಲೋಕದ ಮೂಲೆಮೂಲೆಯ ದಾಖಲೆಗಳ ಫಿಲ್ಮು ತೆಗೆದು, ಬೆಟ್ಟ ಕೊರೆದು ಮಾಡಿದ ಭದ್ರ ಕೋಣೆಯಲ್ಲಿಟ್ಟಿದ್ದಾರೆ. ಹರಿದ್ವಾರದ ಪಂಡಾಗಳು ಯಾತ್ರಿಕರ ಹೆಸರು ಬರೆದಿಟ್ಟ ವಹಿಗಳೂ ಅದರಲ್ಲಿವೆ. ನಮ್ಮ ಹಿರಿಯರು ಹರಿದ್ವಾರದವರೆಗೆ ಹೋದವರಲ್ಲ, ತುಂಗಭದ್ರೆಯಲ್ಲೇ ಮುಳುಗಿ ಪುಣ್ಯ ತೀರಿಸಿಕೊಂಡವರು. ಇಲ್ಲಿದ್ದ ಇಂಗ್ಲಿಷರ ವಂಶ ಹುಡುಕಲು ಬೇರೆ ಉಚಿತ ತಾಣವೇ ಇದೆ. ಇಂಡಿಯಾದಲ್ಲಿ ಹುಟ್ಟಿದ, ಮದುವೆಯಾದ, ಮಣ್ಣಾದ ದೊರೆಗಳ ಪಟ್ಟಿ ಅದರಲ್ಲಿ ಸಿಗುತ್ತದೆ. ಅವರಿಗೆ ಅಡಿಗೆ ಮಾಡಿ ಬಡಿಸಿದವರ ಪಟ್ಟಿ ಸಿಗುವುದಿಲ್ಲ.

ಇಂಗ್ಲೆಂಡಿನವರು ನೂರು ವರ್ಷ ಕಳೆದ ಮೇಲೆ ಜನಗಣತಿಯ ಹಾಳೆಗಳನ್ನು ಹೆಸರು ಸಮೇತ ಎಲ್ಲರಿಗೂ ತೆರೆಯುತ್ತಾರೆ, ಅಮೆರಿಕದವರು 72 ವರ್ಷಕ್ಕೆ. ಅವರ ವಂಶ ಹುಡುಕಾಟಕ್ಕೆ ಅದೇ ಬೆನ್ನೆಲುಬು. ನಮ್ಮಲ್ಲೂ 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸಿದ್ದಾರೆ. ಆದರೆ 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ಹಾಳೆಯನ್ನು ಯಾರಿಗೂ ತೋರಿಸುವಂತಿಲ್ಲ. ನಮ್ಮ ಮುತ್ತಜ್ಜಿಯನ್ನು ಎಣಿಸಿರುವುದು ನಿಜ. ಒಂದು ಎಂದು ಎಣಿಸಿದ್ದಾರೆ, ಹೆಸರು ಹೊರಗೆ ಬರಲಿಲ್ಲ.

ಹಾಗಾಗಿ ನಾನು ಪರದೇಶದ ಬಾಗಿಲು ಬಿಟ್ಟು ನಮ್ಮ ಹಿತ್ತಲ ಬಾಗಿಲಿಗೇ ಬಂದೆ. ಇಲ್ಲಿ ಹುಡುಕುವವರು ಮೊದಲು ತಿಳಿದಿರಬೇಕಾದದ್ದು, ನಾವು ಕೂತಲ್ಲೇ ಕೂತಿದ್ದರೂ ನಮ್ಮ ಊರುಗಳು ಜಿಲ್ಲೆ ಬದಲಾಯಿಸಿವೆ ಎಂಬುದು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ. ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ತಾಲ್ಲೂಕಾದದ್ದು 2018ರಲ್ಲಿ, ಅಲ್ಲಿಯವರೆಗೆ ಹೊನ್ನಾಳಿಯ ಮಡಿಲಲ್ಲೇ ಇತ್ತು. ಅಂದರೆ ಹಳೆಯ ಕಾಗದದಲ್ಲಿ ನನ್ನ ತವರೂರು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. ಇಂಗ್ಲಿಷಿನಲ್ಲಿ ಹುಡುಕಿದರೆ ಶಿವಮೊಗ್ಗಕ್ಕೆ ಶಿಮೋಗ ಎನ್ನಬೇಕು, ಚಿತ್ರದುರ್ಗಕ್ಕೆ ದೊರೆಗಳು ಬರೆದ ಹಾಗೆ ಚಿತಲ್‌ಡ್ರೂಗ್ ಎನ್ನಬೇಕು. ಇಷ್ಟು ಗೊತ್ತಿಲ್ಲದಿದ್ದರೆ ಸರಿಯಾದ ಮನೆಯ ಮುಂದೆ ನಿಂತೇ ತಪ್ಪು ಬಾಗಿಲು ಬಡಿದ ಹಾಗಾಗುತ್ತದೆ.

ಕುತೂಹಲಕ್ಕೆ ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನೂ ತೆರೆದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕಾಸಿಲ್ಲದೆ ಓದಬಹುದು. 1902ರ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕಿನ ಶಾಸನಗಳಿವೆ, ಹನ್ನೊಂದನೆಯದರಲ್ಲಿ ಜಗಳೂರಿನವು. ಊರುಗಳ ಹೆಸರು ಎಷ್ಟು ಹಳೆಯವು ಎಂದು ನೋಡಲು ಚೆನ್ನ. ವಂಶ ಹುಡುಕಲು ಅದು ರಾಜರ ಮನೆಯವರಿಗಾಯಿತು, ನಮಗಲ್ಲ. ಓದುತ್ತಾ ಊರ ಹೊರಗಿನ ಮಾಸ್ತಿಕಲ್ಲು ನೆನಪಾಯಿತು. ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟು ಮೇಲೆತ್ತಿದ ಒಂದು ಕೈ ಇರುತ್ತದೆ, ಅರಿಶಿನ ಕುಂಕುಮ ಹಚ್ಚುತ್ತೇವೆ, ನಮಸ್ಕರಿಸುತ್ತೇವೆ. ಆ ಕೈ ಯಾರದೆಂದು ಬರೆದಿರುವುದಿಲ್ಲ.

ಇನ್ನು ಪಹಣಿ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದವು. ಹಳ್ಳಿ, ಸರ್ವೆ ನಂಬರು ಗೊತ್ತಿದ್ದರೆ ಈಗ ಮನೆಯಲ್ಲೇ ಕೂತು ಪುಕ್ಕಟೆ ನೋಡಬಹುದು, ದೃಢೀಕರಿಸಿದ ಪ್ರತಿ ಬೇಕಾದರೆ ಮಾತ್ರ ಶುಲ್ಕ. ಯಾರಿಂದ ಯಾರಿಗೆ ಖಾತೆ ಬಂತೆಂದು ಮ್ಯುಟೇಶನ್‌ನಲ್ಲಿ ತಿಳಿಯುತ್ತದೆ. ತಾಲ್ಲೂಕು ಕಚೇರಿಗಳ ಹಳೆಯ ಕೈಬರಹದ ದಾಖಲೆಗಳನ್ನೂ 2024ರಿಂದ ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡತೊಡಗಿದ್ದಾರೆ. ನಾನು ನೋಡಿದ ಪಹಣಿಗಳಲ್ಲಿ ಸಾಲಾಗಿ ಇಂಥವರು ಬಿನ್ ಇಂಥವರು, ಅಂದರೆ ಇಂಥವರ ಮಗ. ಎಲ್ಲೋ ಒಂದು ಕಡೆ ಒಬ್ಬ ಹೆಂಗಸು ಬಂದರೆ ಇಂಥವಳು ಕೋಂ ಇಂಥವರು, ಅಂದರೆ ಇಂಥವರ ಹೆಂಡತಿ. ಗಂಡ ಸತ್ತ ಮೇಲಷ್ಟೇ ಆಕೆ ಕಾಗದಕ್ಕೆ ಬರುವುದು. ನಮ್ಮ ಹಳ್ಳಿಗಳ ಎಷ್ಟೋ ಹೆಂಗಸರು ಮೊದಲ ಸಲ ದಾಖಲೆಗೆ ಬರುವುದು ವಿಧವೆಯಾಗಿ ಎಂಬುದು ಪಹಣಿ ಓದುತ್ತಾ ಕೂತಾಗ ಹೊಳೆದು ಸುಮ್ಮನಾದೆ.

ಕೊನೆಗೆ ದಾರಿ ತೋರಿಸಿದ್ದು ಮತದಾರರ ಪಟ್ಟಿ! ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ತಾಣದಲ್ಲಿ 2002ರ ಪಟ್ಟಿ ಸಿಗುತ್ತದೆ. ವೋಟಿನ ಪಟ್ಟಿಯನ್ನು ಯಾರಾದರೂ ಕಾದಂಬರಿಯಂತೆ ಓದುತ್ತಾರೆಯೆ? ನಾನು ಓದಿದೆ. ಕಾರಣವಿಷ್ಟೆ. ಬೇರೆಲ್ಲ ಕಾಗದ ಆಸ್ತಿಯಿದ್ದವರನ್ನು ಬರೆಯುತ್ತದೆ, ವೋಟಿನ ಪಟ್ಟಿ ಮನೆಯಲ್ಲಿರುವ ವಯಸ್ಸಿಗೆ ಬಂದವರನ್ನೆಲ್ಲ ಬರೆಯುತ್ತದೆ, ಮನೆ ನಂಬರಿನ ಪ್ರಕಾರ ಒಟ್ಟಿಗೆ ಬರೆಯುತ್ತದೆ. ಯಜಮಾನ, ಅವನ ಹೆಂಡತಿ, ಮಕ್ಕಳು, ಸೊಸೆಯಂದಿರು, ಒಬ್ಬೊಬ್ಬರ ವಯಸ್ಸು. ಅಡಿಗೆಮನೆಯವರೆಗೆ ಹೋಗಿ ಇಣುಕಿದ ಸರ್ಕಾರಿ ಕಾಗದ ಅದೊಂದೇ ಇರಬೇಕು. ಹೆಣ್ಣಿನ ಹೆಸರಿನ ಮುಂದೆ ಅಲ್ಲೂ ಹೆಚ್ಚಾಗಿ ತಂದೆ ಇಲ್ಲವೇ ಗಂಡ ಇರುತ್ತಾನೆ, ತಾಯಿ ಇರುವುದು ಅಪರೂಪ. ಇರಲಿ, ಹೆಸರಾದರೂ ಇತ್ತಲ್ಲ.

ಅಜ್ಜಿಯ ತವರು ಹಳ್ಳಿಯ ಹೆಸರು, ಅವಳ ಅಣ್ಣನ ಹೆಸರು ಇವೆರಡೇ ಅವ್ವನಿಗೆ ನೆನಪಿದ್ದದ್ದು. ಅಜ್ಜಿ ಹೋದ ಮೇಲೆ ಆ ಮನೆಗೆ ಹೋಗಿಬರುವುದು ನಿಂತುಹೋಗಿತ್ತು. ಪುಟ ಪುಟ ತಿರುಗಿಸುತ್ತಾ ಎರಡನೆಯ ರಾತ್ರಿ ಅಜ್ಜಿಯ ಅಣ್ಣ ಸಿಕ್ಕಿದರು, ವಯಸ್ಸು 70. ಅದರ ಕೆಳಗೇ ಅವರ ಹೆಂಡತಿ, ವಯಸ್ಸು 62. ಕೆಳಗೆ ಇಬ್ಬರು ಮಕ್ಕಳು. ಆ ಮಕ್ಕಳ ಹೆಸರು ಹಿಡಿದು ಹೊನ್ನಾಳಿಯ ಅತ್ತೆಯನ್ನು ಕೇಳಿದೆ. ಅತ್ತೆ ತಮ್ಮ ಬೀದಿಯ ಗೊಬ್ಬರದಂಗಡಿಯವರನ್ನು ಕೇಳಿದರು, ಅಂಗಡಿಯವರ ಸಾಲದ ಪುಸ್ತಕದಲ್ಲಿ ಫೋನ್ ನಂಬರಿತ್ತು. ಇಂಟರ್‌ನೆಟ್ಟು ಇಪ್ಪತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು, ಅಲ್ಲಿಂದ ಇಂದಿನವರೆಗೆ ಕರೆತಂದದ್ದು ಗೊಬ್ಬರದ ಸಾಲ!

ಫೋನು ಎತ್ತಿದ ಮೊಮ್ಮಗ ಅಜ್ಜಿಯ ಕಿವಿಗೆ ಹಿಡಿದ. "ಯಾರವ್ವಾ ನೀನು? ಯಾವೂರು?" ಎಂದರು. ಜಗಳೂರು ಎಂದೆ, ತಿಳಿಯಲಿಲ್ಲ. ನ್ಯಾಮತಿ ಎಂದೆ, ತಿಳಿಯಲಿಲ್ಲ. "ನಿಮ್ಮ ನಾದಿನೀನ ಚನ್ನಗಿರಿಗೆ ಕೊಟ್ಟಿದ್ರಲ್ಲ ಅಜ್ಜಿ, ಅವರ ಮಗಳ ಮಗಳು" ಎಂದೆ. ಅತ್ತ ಕಡೆ ಒಂದು ಗಳಿಗೆ ಮೌನ. ಆಮೇಲೆ, "ಅಯ್ಯೋ ನಮ್ಮವ್ವಾ, ಇಷ್ಟು ದಿನ ಎಲ್ಲಿದ್ರೇ" ಎಂದು ಧ್ವನಿ ಒಡೆಯಿತು. ಮುತ್ತಜ್ಜಿ ಅವರಿಗೆ ಅತ್ತೆ. ಆಕೆಯ ಹೆಸರು ಹೇಳಿದರು. ಅದು ಗಂಡನ ಮನೆಯಲ್ಲಿ ಇಟ್ಟ ಹೆಸರಂತೆ. ತವರಿನಲ್ಲಿ ಕರೆಯುತ್ತಿದ್ದ ಹೆಸರು ಬೇರೆ, ಅದನ್ನೂ ಹೇಳಿದರು. "ಅತ್ತೆವ್ವ ಜ್ವರ ಬಂದಾಗ ಆ ಹೆಸರಲ್ಲಿ ತನ್ನನ್ನ ತಾನೇ ಕರ್ಕೊಳ್ಳೋಳು" ಎಂದರು. ಆ ಎರಡು ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವು ನಮ್ಮ ಮನೆಯವು. ನೋಟುಪುಸ್ತಕದಲ್ಲಿ ಎರಡನ್ನೂ ಬರೆದೆ, ತವರಿನದನ್ನು ಮೊದಲು.

ಅವಳ ತವರು ಎಲ್ಲಿ ಎಂದು ಕೇಳಿದ್ದಕ್ಕೆ ಬಂದ ಉತ್ತರ, "ಸೂಳೆಕೆರೆ ಕಡೆಯೋಳು." ಅಂದರೆ ಚನ್ನಗಿರಿ ತಾಲ್ಲೂಕೇ! ಚನ್ನಗಿರಿ ಕಡೆಯಿಂದ ಹೊನ್ನಾಳಿಗೆ ಬಂದವಳು ಮಗಳನ್ನು ತಿರುಗಿ ಚನ್ನಗಿರಿಗೆ ಕೊಟ್ಟಿದ್ದಳು. ನಮ್ಮಜ್ಜಿಯನ್ನು ಅಷ್ಟು ದೂರ ಯಾಕೆ ಕೊಟ್ಟರು ಎಂದು ಅವ್ವ ಜೀವಮಾನವೆಲ್ಲ ಕೇಳಿಕೊಂಡಿದ್ದರು. ಅಜ್ಜಿಗೆ ದೂರವಾದದ್ದು ಅವಳ ಅವ್ವನಿಗೆ ಹತ್ತಿರವಾಗಿತ್ತು. ಮಗಳನ್ನು ನೋಡುವ ನೆಪದಲ್ಲಿ ತವರಿನ ದಾರಿ ತುಳಿಯಬಹುದಿತ್ತಲ್ಲ. ಇದನ್ನು ಯಾವ ಕಾಗದವೂ ಹೇಳಲಾರದು. ಆ ಕೆರೆಯ ಕಥೆಯೂ ಹೀಗೆಯೇ. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳು, ಜಾಗ ಬಿಟ್ಟುಕೊಟ್ಟ ಹೆಂಗಸರು ತಮ್ಮ ಹೆಸರು ಉಳಿಯಬೇಕೆಂದು ಕೇಳಿದರು ಎಂದು ಐತಿಹ್ಯ. ಕಾಗದದಲ್ಲಿ ಅದು ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಹೆಂಗಸರಿಗೂ ಕೆರೆಗೂ ಎರಡೆರಡು ಹೆಸರು.

ಇಷ್ಟಾದ ಮೇಲೆ ಚಿಕ್ಕಪ್ಪನ ಹಾಳೆ ಮುಂದಿಟ್ಟುಕೊಂಡು ಕೂತೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಮಗಳು ಮೊದಲ ದರ್ಜೆಯ ವಾರಸುದಾರಳು. ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲನ್ನು ಕರ್ನಾಟಕ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕೊಟ್ಟಿತು, 2005ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಅವರಿಗೆ ಕಾಯ್ದೆ ತಾಗಲಿಲ್ಲ. "ಸುಳ್ಳು ಪ್ರಮಾಣಪತ್ರಕ್ಕೆ ನಾನು ಅರ್ಜಿ ಹಾಕಲ್ಲ ಚಿಕ್ಕಪ್ಪ, ಅತ್ತೆ ಇದ್ದಾರೆ" ಎಂದದ್ದು ತಾಗಿತು. ಎರಡು ವಾರ ಮಾತು ಬಿಟ್ಟರು. ಮೂರನೆಯ ವಾರ ತಾವೇ ಹೊನ್ನಾಳಿಗೆ ಹೋಗಿ ಅಕ್ಕನ ಆಧಾರ್ ಪ್ರತಿ ತಂದುಕೊಟ್ಟರು. ಹೊಸ ಹಾಳೆಯಲ್ಲಿ ಅಜ್ಜನ ಕೆಳಗೆ ಮೂರು ಗೆರೆ ಬಂದವು. ಅತ್ತೆಗೆ ತೋರಿಸಿದಾಗ ಕನ್ನಡಕ ಹಾಕಿಕೊಂಡು ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಓದಿದರು. "ಪಾಲು ನಿನಗೆ ಬೇಕಾ ಅಕ್ಕ?" ಎಂದು ಚಿಕ್ಕಪ್ಪ ಕೇಳಿದರು. "ಮೊದ್ಲು ಇದ್ದೀನಿ ಅಂತ ಆಗ್ಲಿ ತಡಿಯೋ, ಪಾಲಿನ ಮಾತು ಆಮೇಲೆ" ಎಂದರು ಅತ್ತೆ. ಆ ಮಾತು ಇನ್ನೂ ಮುಗಿದಿಲ್ಲ. ಯುಗಾದಿಗೆ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತಿದ್ದರು, ಅಷ್ಟು ಹೇಳಬಲ್ಲೆ.

ನನಗೆ ಖರ್ಚಾದದ್ದು ಒಂದು ನೋಟುಪುಸ್ತಕ, ಒಂದಿಷ್ಟು ಜೆರಾಕ್ಸು, ಫೋನಿಗೆ ಹೇಗೂ ಹಾಕಿಸುವ ಕರೆನ್ಸಿ. ಚಂದಾ ಕಟ್ಟಿಲ್ಲ, ಎಂಜಲು ಕಳಿಸಿ ವಂಶ ಹೇಳಿಸಿಕೊಳ್ಳುವ ದುಬಾರಿ ಡಿಎನ್‌ಎ ಪರೀಕ್ಷೆಗೆ ಹೋಗಿಲ್ಲ. ನೀವೂ ಹುಡುಕುವುದಾದರೆ ಮನೆಯ ಅತಿ ಹಿರಿಯರಿಂದ ಶುರುಮಾಡಿ, ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ವೆಬ್‌ಸೈಟು ಓಡಿಹೋಗುವುದಿಲ್ಲ, ಅವರು ಕಾಯಲಾರರು. ಹೆಂಗಸರನ್ನು ಕೇಳಿ, ಗಂಡಸರಿಗೆ ಜಮೀನಿನ ಗಡಿ ಗೊತ್ತು, ಯಾರ ಬಾಣಂತನ ಎಲ್ಲಾಯಿತೆಂದು ಹೆಂಗಸರಿಗೆ ಗೊತ್ತು. ಹೆಸರಿನ ಪಕ್ಕದಲ್ಲಿ ಹುಟ್ಟಿದ ಊರು, ಕೊಟ್ಟ ಊರು ಎರಡನ್ನೂ ಬರೆಯಿರಿ. ಬದುಕಿರುವವರ ಆಧಾರ್, ಹುಟ್ಟಿದ ದಿನ ಇವನ್ನೆಲ್ಲ ಉಚಿತ ಸಿಗುತ್ತದೆಂದು ಕಂಡ ಕಂಡ ತಾಣಕ್ಕೆ ಹಾಕಬೇಡಿ.

ಸೂಳೆಕೆರೆಯ ಆ ಹಳ್ಳಿ ಯಾವುದೆಂದು ಇನ್ನೂ ತಿಳಿದಿಲ್ಲ. ಕೆರೆಯ ಸುತ್ತಲಿನ ಊರುಗಳ 2002ರ ಪಟ್ಟಿ ಒಂದೊಂದಾಗಿ ಓದುತ್ತಿದ್ದೇನೆ, ಮೂರು ಊರು ಮುಗಿದಿವೆ. ಈಚೆಗೆ ಅವ್ವನೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಾರೆ. ಪರಿಚಯವೇ ಇಲ್ಲದ ಹೆಂಗಸರ ಹೆಸರುಗಳನ್ನು ಬಾಯಿಬಿಟ್ಟು ಓದುತ್ತಾ, "ಎಷ್ಟು ಚೆಂದ ಹೆಸರು ನೋಡು" ಎನ್ನುತ್ತಾರೆ.